ಉಪಾಧ್ಯಾಯರ ವೈಮನಸ್ಯವೂ ಅದರ ಉಪಶಮನವೂ

ಒಂದು ಊರಿನ ಪಾಠಶಾಲೆ ಚೆನ್ನಾಗಿ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ತಿಳಿಯಬಯಸುವವರು ಸಾಮಾನ್ಯವಾಗಿ ಕಟ್ಟಡವನ್ನು ನೋಡುತ್ತಾರೆ, ಪರೀಕ್ಷೆಯ ಫಲಿತಾಂಶವನ್ನು ಕೇಳುತ್ತಾರೆ, ಮಧ್ಯಾಹ್ನದ ಊಟ ಹೇಗಿದೆಯೆಂದು ವಿಚಾರಿಸುತ್ತಾರೆ. ಅಲ್ಲಿ ಪಾಠ ಹೇಳತಕ್ಕ ಉಪಾಧ್ಯಾಯರು ಒಬ್ಬರೊಡನೊಬ್ಬರು ಮಾತನಾಡುತ್ತಿದ್ದಾರೆಯೇ ಎಂದು ಕೇಳುವವರು ಮಾತ್ರ ಅತಿ ವಿರಳ. ಆದರೂ ಶಾಲೆಯ ಬಾಳನ್ನು ಒಳಗಿನಿಂದ ಬಲ್ಲವರೆಲ್ಲರೂ ಒಪ್ಪತಕ್ಕ ಸಂಗತಿಯೇನೆಂದರೆ, ಏಳನೆಯ ತರಗತಿಗೆ ಗಣಿತ ಹೇಳುವ ಮೇಷ್ಟ್ರಿಗೂ ಎಂಟನೆಯ ತರಗತಿಗೆ ಗಣಿತ ಹೇಳುವ ಮೇಷ್ಟ್ರಿಗೂ ಮಾತು ನಿಂತುಹೋದ ಶಾಲೆಯಲ್ಲಿ, ಏಳರಲ್ಲಿ ಭಿನ್ನರಾಶಿಯನ್ನು ಅರೆಬರೆಯಾಗಿ ಕಲಿತ ಮಗು ಎಂಟರಲ್ಲಿ ಬೀಜಗಣಿತದ ಮುಂದೆ ದಿಕ್ಕುತೋಚದೆ ಕುಳಿತುಕೊಳ್ಳುವುದು ತಪ್ಪುವುದಿಲ್ಲ. ಆ ಮಗುವಿನ ಸೋಲಿನ ನಿಜವಾದ ಕಾರಣವು ಯಾವ ದಾಖಲೆಯಲ್ಲಿಯೂ ನಮೂದಾಗುವುದಿಲ್ಲ. ಆದಕಾರಣ ಉಪಾಧ್ಯಾಯರ ವೈಮನಸ್ಯವು ಅವರವರ ಖಾಸಗಿ ಮಾತೆಂದು ತಳ್ಳಿಹಾಕತಕ್ಕದ್ದಲ್ಲ. ಅದು ಮಕ್ಕಳನ್ನು ಹೆತ್ತವರೆಲ್ಲರ ವಿಷಯ.

ಈ ವಿಷಯದ ವಿಚಾರಣೆಗೆ ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಷ್ಟು ತಕ್ಕ ಪ್ರದೇಶ ಮತ್ತೊಂದು ದೊರೆಯುವುದು ಕಷ್ಟ. 1792ರ ಶ್ರೀರಂಗಪಟ್ಟಣದ ಒಪ್ಪಂದದವರೆಗೆ ಟಿಪ್ಪು ಸುಲ್ತಾನನ ಆಳ್ವಿಕೆಗೆ ಒಳಪಟ್ಟು ಬಾರಾಮಹಲ್ ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಸೀಮೆಯೂ ಅದರ ಸುತ್ತಣ ನಾಡೂ ಇಂಗ್ಲಿಷರ ಕೈಸೇರಿದ ಮೇಲೆ ಕಾಲಕ್ರಮದಲ್ಲಿ ಸೇಲಂ ಜಿಲ್ಲೆಯೆನಿಸಿದವು. ಆ ವಿಶಾಲವಾದ ಜಿಲ್ಲೆಯಿಂದ 1965ರ ಅಕ್ಟೋಬರ್ 2ರಂದು ಧರ್ಮಪುರಿಯೂ, ಧರ್ಮಪುರಿಯಿಂದ 2004ರಲ್ಲಿ ಹೊಸೂರು, ಡೆಂಕಣಿಕೋಟೆ, ತಳಿ ಮೊದಲಾದ ಊರುಗಳನ್ನು ಒಳಗೊಂಡ ಕೃಷ್ಣಗಿರಿಯೂ ಬೇರ್ಪಟ್ಟವು. ತಗಡೂರೆಂಬ ಪ್ರಾಚೀನ ನಾಮಧೇಯವುಳ್ಳ ಧರ್ಮಪುರಿಯಲ್ಲಿ ನೊಳಂಬರ ಕಾಲದ ಕನ್ನಡ ಶಾಸನಗಳಿವೆ. ಪೆನ್ನಾಗರ, ಪಾಲಕ್ಕೋಡುಗಳ ಕಡೆಯ ಎಷ್ಟೋ ಹಳ್ಳಿಗಳಲ್ಲಿಯೂ ಸೇಲಂ ನಗರದ ದೇವಾಂಗ ನೇಕಾರರ ಎಷ್ಟೋ ಮನೆಗಳಲ್ಲಿಯೂ ಕನ್ನಡ ಇಂದಿಗೂ ಮನೆಮಾತಾಗಿ ಉಳಿದಿದೆ. ತಮಿಳು, ತೆಲುಗು, ಕನ್ನಡ, ಉರ್ದು ಎಂಬ ನಾಲ್ಕು ಭಾಷೆಗಳ ಮಕ್ಕಳು ಒಂದೇ ಸೀಮೆಯ ಶಾಲೆಗಳಿಗೆ ಬರುವ ಈ ನಾಡಿನಲ್ಲಿ, ಉಪಾಧ್ಯಾಯರ ಕೊಠಡಿಯೂ ಸಹಜವಾಗಿ ಹಲವು ಕಡೆಯ ಜನರ ಕೂಟವಾಗಿದೆ.

ಈ ಕೂಟವು ಹೇಗೆ ಕೂಡುತ್ತದೆಂಬುದನ್ನು ಮೊದಲು ನೋಡೋಣ. ತಮಿಳುನಾಡಿನ ದಕ್ಷಿಣದ ಜಿಲ್ಲೆಗಳಲ್ಲಿ ಶಿಕ್ಷಕರ ಹುದ್ದೆಗಳು ಬಹುಮಟ್ಟಿಗೆ ಭರ್ತಿಯಾಗಿರುವುದರಿಂದಲೂ ಉತ್ತರದ ಜಿಲ್ಲೆಗಳಲ್ಲಿ ಖಾಲಿ ಸ್ಥಾನಗಳು ಹೆಚ್ಚಾಗಿರುವುದರಿಂದಲೂ, ತಿರುನೆಲ್ವೇಲಿಯ ಕಡೆಯಿಂದಲೋ ಕನ್ಯಾಕುಮಾರಿಯ ಕಡೆಯಿಂದಲೋ ಬಂದ ತರುಣ ಶಿಕ್ಷಕರಿಗೆ ಮೊದಲ ನೇಮಕ ದೊರೆಯುವುದು ಅನೇಕ ವೇಳೆ ಧರ್ಮಪುರಿ, ಕೃಷ್ಣಗಿರಿಗಳಲ್ಲಿ. 2011ರ ಜನಗಣತಿಯಲ್ಲಿ ಶೇಕಡಾ 68.5ರ ಸಾಕ್ಷರತೆಯೊಡನೆ ರಾಜ್ಯದ ಕಟ್ಟಕಡೆಯ ಸ್ಥಾನದಲ್ಲಿದ್ದ ಧರ್ಮಪುರಿಗೆ ಅನುಭವಶಾಲಿಗಳಾದ ಉಪಾಧ್ಯಾಯರ ಅಗತ್ಯ ಎಲ್ಲರಿಗಿಂತ ಹೆಚ್ಚು. ಆದರೆ ಅಲ್ಲಿಗೆ ಬಂದವರ ಕಣ್ಣು ಪ್ರತಿವರ್ಷವೂ ವರ್ಗಾವಣೆಯ ಕೌನ್ಸೆಲಿಂಗ್ ಮೇಲೆಯೇ ನೆಟ್ಟಿರುತ್ತದೆ. ಹೆತ್ತವರನ್ನೂ ಹೆಂಡತಿಮಕ್ಕಳನ್ನೂ ಒಂದು ರಾತ್ರಿಯ ಪ್ರಯಾಣದ ಆಚೆ ಬಿಟ್ಟು ಬಾಡಿಗೆಯ ಕೋಣೆಯಲ್ಲಿ ವಾಸಿಸುವವನ ಈ ಆಸೆಯನ್ನು ತಪ್ಪೆನ್ನಲಾಗದು. ಆದರೆ ಅದೇ ಊರಿನಲ್ಲಿ ಹುಟ್ಟಿ, ಅದೇ ಶಾಲೆಯಲ್ಲಿ ಓದಿ, ಅಲ್ಲಿಯೇ ನಿವೃತ್ತಿಯವರೆಗೆ ಇರಲಿರುವ ಸ್ಥಳೀಯ ಉಪಾಧ್ಯಾಯರಿಗೆ, ಇಂದೋ ನಾಳೆಯೋ ಹೊರಟುಹೋಗತಕ್ಕವರು ಶಾಲೆಯ ಭಾರವನ್ನೆಲ್ಲ ತಮ್ಮ ಮೇಲೆ ಹೊರಿಸುತ್ತಿದ್ದಾರೆಂಬ ಅಸಮಾಧಾನ ಬಾರದಿರುವುದೂ ಕಷ್ಟ. ಶನಿವಾರ ಸೋಮವಾರಗಳ ರಜೆಯ ಅರ್ಜಿಯಿಂದ ಆರಂಭವಾಗುವ ಈ ಕಿರಿಕಿರಿ, ಎರಡು ಮೂರು ವರ್ಷಗಳಲ್ಲಿ ನಮ್ಮವರು, ಹೊರಗಿನವರು ಎಂಬ ಎರಡು ಬಣಗಳಾಗಿ ಬೆಳೆಯುವುದುಂಟು.

ಎಲ್ಲಕ್ಕಿಂತ ಕಠಿನವಾದದ್ದು ಇಬ್ಬರೇ ಉಪಾಧ್ಯಾಯರಿರುವ ಶಾಲೆಯ ಸ್ಥಿತಿ. 2009ರ ಶಿಕ್ಷಣ ಹಕ್ಕಿನ ಕಾಯ್ದೆಯ ಪ್ರಕಾರ ಅರವತ್ತು ಮಕ್ಕಳವರೆಗೆ ಇರುವ ಪ್ರಾಥಮಿಕ ಶಾಲೆಗೆ ಇಬ್ಬರು ಶಿಕ್ಷಕರು. ಸೇರ್ವರಾಯನ್ ಬೆಟ್ಟಗಳಲ್ಲಿಯೂ, ಅರೂರಿನ ಬಳಿಯ ಸಿತ್ತೇರಿ ಬೆಟ್ಟದಲ್ಲಿಯೂ, ಧರ್ಮಪುರಿಯ ವತ್ತಲಮಲೆಯಲ್ಲಿಯೂ ಹರಡಿಕೊಂಡಿರುವ ಸಣ್ಣ ಸಣ್ಣ ಹಳ್ಳಿಗಳನ್ನು ನೆನೆದರೆ, ಒಬ್ಬರು ಮುಖ್ಯೋಪಾಧ್ಯಾಯರು, ಮತ್ತೊಬ್ಬರು ಸಹೋಪಾಧ್ಯಾಯರು, ಐದು ತರಗತಿಗಳು, ಎರಡು ಕೊಠಡಿಗಳು ಎಂಬ ಚಿತ್ರ ಕಣ್ಣಿಗೆ ಕಟ್ಟುತ್ತದೆ. ಇಲ್ಲಿ ಒಬ್ಬರು ರಜೆ ಹಾಕಿದರೆ ಮತ್ತೊಬ್ಬರು ಐದು ತರಗತಿಗಳನ್ನೂ ನೋಡಿಕೊಳ್ಳಬೇಕು. ಒಬ್ಬರು ಇಲಾಖೆಯ ಸಭೆಗೆ ಇಳಿದುಹೋದರೆ ಮತ್ತೊಬ್ಬರು ಹಾಜರಿ, ಊಟ, ಪಾಠ, ಅಂಕಿಅಂಶಗಳ ಭರ್ತಿ ಎಲ್ಲವನ್ನೂ ಏಕಾಂಗಿಯಾಗಿ ನಿರ್ವಹಿಸಬೇಕು. ಬೆಳಗಿನ ಬಸ್ಸು ತಪ್ಪಿಸಿಕೊಂಡ ಒಬ್ಬರ ತಡವನ್ನು ಮತ್ತೊಬ್ಬರು ಹಾಜರಿ ಪುಸ್ತಕದಲ್ಲಿ ಗುರುತಿಸಬೇಕೆ, ಕಂಡೂ ಕಾಣದಂತಿರಬೇಕೆ ಎಂಬ ಪ್ರಶ್ನೆ ವಾರಕ್ಕೊಮ್ಮೆಯಾದರೂ ಏಳುತ್ತದೆ. ದೊಡ್ಡ ಶಾಲೆಯಲ್ಲಿ ಇಬ್ಬರು ಮುನಿಸಿಕೊಂಡರೆ ನಡುವೆ ಬಂದು ಸಮಾಧಾನ ಹೇಳಲು ಮೂರನೆಯವರೊಬ್ಬರು ಇದ್ದೇ ಇರುತ್ತಾರೆ. ಇಲ್ಲಿ ಮೂರನೆಯವರೆಂದರೆ ಊಟದ ಕೇಂದ್ರದ ಅಡುಗೆಯಾಕೆ, ಇಲ್ಲವೇ ಹಳ್ಳಿಯ ಜನ. ಹಳ್ಳಿಯ ಜನರ ಕಿವಿಗೆ ಬಿದ್ದ ವೈಮನಸ್ಯಕ್ಕೆ ಜಾತಿಯೋ ಪಕ್ಷವೋ ಬಂದು ಅಂಟಿಕೊಳ್ಳುವುದಕ್ಕೆ ಹೆಚ್ಚು ಕಾಲ ಬೇಕಾಗುವುದಿಲ್ಲ. ಇಂಥ ಶಾಲೆಯೊಂದರಲ್ಲಿ ಇಬ್ಬರು ಸೌಹಾರ್ದದಿಂದ ಹತ್ತು ವರ್ಷ ಕಳೆದರೆಂದು ಕೇಳಿದಾಗ, ನನಗೆ ಅವರ ಬೋಧನೆಯ ಬಗೆಗಿರುವಷ್ಟೇ ಗೌರವ ಅವರ ಸಹನೆಯ ಬಗೆಗೂ ಉಂಟಾಗುತ್ತದೆ.

ಪ್ರೌಢಶಾಲೆಗಳಲ್ಲಿ ಕಲಹದ ನೆಲೆ ಬೇರೆ. ಅಲ್ಲಿ ಮೊದಲನೆಯ ಮಾತು ಟೈಮ್‌ಟೇಬಲ್. ಯಾರಿಗೆ ಹತ್ತನೆಯ ತರಗತಿ, ಯಾರಿಗೆ ಆರನೆಯ ತರಗತಿ; ಯಾರಿಗೆ ಊಟದ ಮುಂಚಿನ ಪಿರಿಯಡ್, ಯಾರಿಗೆ ಮಕ್ಕಳೆಲ್ಲ ತೂಕಡಿಸುವ ಊಟದ ಅನಂತರದ ಪಿರಿಯಡ್; ರಜೆಯಲ್ಲಿರುವವರ ತರಗತಿಗೆ ಬದಲಿಯಾಗಿ ಯಾರನ್ನು ಕಳುಹಿಸುವುದು. “ಈ ಪಿರಿಯಡ್ ನಂದಲ್ಲ ಸಾರ್, ನೆನ್ನೆಯೂ ನನ್ನನ್ನೇ ಕಳಿಸಿದ್ರಿ” ಎಂಬ ಒಂದು ವಾಕ್ಯದಲ್ಲಿ ಒಂದು ವರ್ಷದ ನೋವು ಅಡಗಿರಬಹುದು. ಹತ್ತನೆಯ ತರಗತಿಯ ಫಲಿತಾಂಶವು ವಿಷಯವಾರು ಲೆಕ್ಕವಾಗಿ ಮೇಲಧಿಕಾರಿಗಳ ಸಭೆಯಲ್ಲಿ ಎಲ್ಲರೆದುರು ಓದಲ್ಪಡುವುದರಿಂದ, ಗಣಿತದವರು ವಿಜ್ಞಾನದವರ ವಿಶೇಷ ತರಗತಿಯನ್ನೂ, ಇಬ್ಬರೂ ಸೇರಿ ವ್ಯಾಯಾಮದ ಪಿರಿಯಡನ್ನೂ ಕಬಳಿಸಲು ನೋಡುತ್ತಾರೆ. ವ್ಯಾಯಾಮದ ಮೇಷ್ಟ್ರಿಗೆ ಆಟದ ಮೈದಾನ ಉಳಿದರೂ ಆಡುವ ಮಕ್ಕಳು ಉಳಿಯುವುದಿಲ್ಲ. ಇದರ ಮೇಲೆ ಮತದಾರರ ಪಟ್ಟಿಯ ಕೆಲಸ, ಇಲಾಖೆಯ ಜಾಲತಾಣಕ್ಕೆ ಮಕ್ಕಳ ವಿವರಗಳನ್ನು ತುಂಬುವ ಕೆಲಸ ಬಂದು ಬೀಳುತ್ತವೆ. ಕಂಪ್ಯೂಟರ್ ಬಲ್ಲವರೆಂಬ ಒಂದೇ ಅಪರಾಧಕ್ಕೆ ಕಿರಿಯರೊಬ್ಬರ ತಲೆಗೆ ಎಲ್ಲವೂ ಕಟ್ಟಲ್ಪಡುತ್ತದೆ.

ಇಷ್ಟು ಮಾತ್ರವಾಗಿದ್ದರೆ ಎಲ್ಲ ಕಚೇರಿಗಳಲ್ಲಿಯೂ ಇರತಕ್ಕ ಸಾಮಾನ್ಯ ಜಗಳವೆಂದು ಮುಗಿಸಬಹುದಾಗಿತ್ತು. ನನ್ನ ಮುಖ್ಯವಾದ ಅಭಿಪ್ರಾಯವಿರುವುದು ಇದರ ಮುಂದಿನ ಮಾತಿನಲ್ಲಿ: ಉಪಾಧ್ಯಾಯರ ಕೊಠಡಿಯ ದೊಡ್ಡ ಬಿರುಕುಗಳು ಆ ಕೊಠಡಿಯೊಳಗೆ ಹುಟ್ಟಿದವುಗಳಲ್ಲ, ಒಂದೇ ಕೆಲಸ ಮಾಡುವವರನ್ನು ಬೇರೆ ಬೇರೆ ಪಂಕ್ತಿಗಳಲ್ಲಿ ಕೂಡಿಸಿದ ಆಜ್ಞೆಗಳಿಂದ ಹುಟ್ಟಿದವುಗಳು. ತಮಿಳುನಾಡಿನಲ್ಲಿ ಪ್ರಾಥಮಿಕ ತರಗತಿಗಳಿಗೆ ಪಾಠ ಹೇಳುವ ಸೆಕೆಂಡರಿ ಗ್ರೇಡ್ ಶಿಕ್ಷಕರ ವಿಷಯವನ್ನೇ ತೆಗೆದುಕೊಳ್ಳಿ. 2009ರ ಮೇ 31ರ ಒಳಗೆ ಸೇವೆಗೆ ಸೇರಿದವರ ಮೂಲವೇತನ 8,370 ರೂಪಾಯಿಗಳೆಂದೂ, ಜೂನ್ 1ರಿಂದ ಈಚೆಗೆ ಸೇರಿದವರದು 5,200 ರೂಪಾಯಿಗಳೆಂದೂ ನಿಗದಿಯಾಯಿತು. ಒಂದೇ ತರಬೇತಿ, ಒಂದೇ ಪಠ್ಯಪುಸ್ತಕ, ಅಕ್ಕಪಕ್ಕದ ಎರಡು ತರಗತಿಗಳು. ಒಂದು ದಿನದ ಅಂತರಕ್ಕಾಗಿ ತಿಂಗಳಿಗೆ ಮೂಲವೇತನದಲ್ಲಿಯೇ 3,170 ರೂಪಾಯಿಗಳ ವ್ಯತ್ಯಾಸ, ಅದರ ಮೇಲೆ ಲೆಕ್ಕ ಹಾಕಲ್ಪಡುವ ಭತ್ಯೆಗಳ ವ್ಯತ್ಯಾಸ ಬೇರೆ. ಸಮಾನ ಕೆಲಸಕ್ಕೆ ಸಮಾನ ವೇತನವನ್ನು ಕೇಳಿ ಈ ಶಿಕ್ಷಕರು ಚೆನ್ನೈಯ ಕಾಲೇಜ್ ರಸ್ತೆಯ ಶಿಕ್ಷಣ ಇಲಾಖೆಯ ಆವರಣದಲ್ಲಿ ಚಳಿಗಾಲದ ರಾತ್ರಿಗಳನ್ನು ಕಳೆದದ್ದು ಒಂದೆರಡು ಸಲವಲ್ಲ. ಪಿಂಚಣಿಯಲ್ಲಿ ಮತ್ತೊಂದು ಗೆರೆ: 2003ರ ಏಪ್ರಿಲ್ 1ಕ್ಕೆ ಮುಂಚೆ ಸೇರಿದವರಿಗೆ ಹಳೆಯ ಪಿಂಚಣಿ, ಅನಂತರ ಸೇರಿದವರಿಗೆ ವಂತಿಗೆಯ ಪಿಂಚಣಿ. ಅದರ ಕೆಳಗೆ ಇನ್ನೊಂದು ಗೆರೆ: ಚಿತ್ರಕಲೆ, ವ್ಯಾಯಾಮ, ಹೊಲಿಗೆ, ಕಂಪ್ಯೂಟರ್ ಮುಂತಾದವುಗಳಿಗಾಗಿ 2012ರಲ್ಲಿ ವಾರಕ್ಕೆ ಮೂರು ಅರ್ಧದಿನಗಳ ಲೆಕ್ಕದಲ್ಲಿ ತಿಂಗಳಿಗೆ 5,000 ರೂಪಾಯಿ ಕೊಟ್ಟು ನೇಮಿಸಿಕೊಂಡ ಹದಿನಾರು ಸಾವಿರಕ್ಕೂ ಮಿಕ್ಕ ಅರೆಕಾಲಿಕ ಶಿಕ್ಷಕರು. ಈ ಸಂಬಳ ಕಾಲಕಾಲಕ್ಕೆ ಒಂದಿಷ್ಟು ಏರಿದೆ. ಕಾಯಂ ಆಗುವ ನಿರೀಕ್ಷೆಯಲ್ಲಿ ಒಂದು ದಶಕವೇ ಕಳೆದುಹೋಗಿದೆ.

ಇನ್ನು ಬಡ್ತಿಯ ಮಾತು. ನಿವೃತ್ತಿಯ ವಯಸ್ಸು 2020ರಲ್ಲಿ 58ರಿಂದ 59ಕ್ಕೂ, 2021ರಲ್ಲಿ 60ಕ್ಕೂ ಏರಿದುದರಿಂದ ಮೇಲಿನ ಸ್ಥಾನಗಳು ತೆರವಾಗುವುದು ತಡವಾಯಿತು. ಪ್ರಾಥಮಿಕ ಶಿಕ್ಷಕರ ಹಿರಿತನವು ಮೊದಲು ಪಂಚಾಯತಿ ಒಕ್ಕೂಟದ ಮಟ್ಟದಲ್ಲಿ ಎಣಿಸಲ್ಪಡುತ್ತಿತ್ತು. 2023ರ ಡಿಸೆಂಬರ್‌ನಲ್ಲಿ ಹೊರಟ 243ನೆಯ ಸರ್ಕಾರಿ ಆಜ್ಞೆ ಅದನ್ನು ರಾಜ್ಯದ ಮಟ್ಟಕ್ಕೆ ಏರಿಸಿತು. ದೂರದ ಜಿಲ್ಲೆಯಿಂದ ಸ್ವಂತ ಊರಿಗೆ ಮರಳಬಯಸುವವರಿಗೆ ಇದರಿಂದ ಒಂದು ಬಾಗಿಲು ತೆರೆದಂತಾಯಿತು. ತಮ್ಮ ಒಕ್ಕೂಟದಲ್ಲಿ ಮುಂದಿನ ಮುಖ್ಯೋಪಾಧ್ಯಾಯರು ತಾವೇ ಎಂದು ಇಪ್ಪತ್ತು ವರ್ಷ ಕಾದಿದ್ದವರಿಗೆ, ಹೆಚ್ಚಾಗಿ ಮನೆ ಬಿಟ್ಟು ದೂರ ಹೋಗಲಾರದ ಶಿಕ್ಷಕಿಯರಿಗೆ, ಕೈಗೆ ಬಂದದ್ದು ಬಾಯಿಗೆ ಬರದಂತಾಯಿತು. ಒಂದೇ ಆಜ್ಞೆಯನ್ನು ಒಂದೇ ಮೇಜಿನ ಎರಡು ಬದಿಗಳಲ್ಲಿ ಕುಳಿತವರು ಒಬ್ಬರು ನ್ಯಾಯವೆಂದೂ ಮತ್ತೊಬ್ಬರು ಅನ್ಯಾಯವೆಂದೂ ಓದಿದರು; ಇಬ್ಬರ ಮಾತಿನಲ್ಲಿಯೂ ಸತ್ಯವಿತ್ತು. ಇದು ಸಾಲದೆಂಬಂತೆ 2025ರ ಸೆಪ್ಟೆಂಬರ್ 1ರಂದು ಸರ್ವೋಚ್ಚ ನ್ಯಾಯಾಲಯವು, ಐದು ವರ್ಷಕ್ಕಿಂತ ಹೆಚ್ಚು ಸೇವಾವಧಿ ಉಳಿದಿರುವ ಹಳೆಯ ಶಿಕ್ಷಕರೂ ಎರಡು ವರ್ಷಗಳೊಳಗೆ ಶಿಕ್ಷಕರ ಅರ್ಹತಾ ಪರೀಕ್ಷೆಯಲ್ಲಿ ತೇರ್ಗಡೆಯಾಗತಕ್ಕದ್ದೆಂದೂ, ತೇರ್ಗಡೆಯಾಗದವರಿಗೆ ಬಡ್ತಿಯಿಲ್ಲವೆಂದೂ ತೀರ್ಪಿತ್ತಿತು. ಇಪ್ಪತ್ತೈದು ವರ್ಷ ಪಾಠ ಹೇಳಿದ ಹಿರಿಯರು, ಆ ಪರೀಕ್ಷೆ ಬರೆದೇ ಕೆಲಸಕ್ಕೆ ಬಂದ ಕಿರಿಯರೆದುರು ತಲೆತಗ್ಗಿಸಿ ಮಾದರಿ ಪ್ರಶ್ನೆಪತ್ರಿಕೆ ಬಿಡಿಸುವ ಸಂದರ್ಭದಲ್ಲಿ, ಒಂದು ಹಗುರವಾದ ನಗೆಮಾತು ಕೂಡ ಎಂಥ ಗಾಯವನ್ನು ಮಾಡಬಲ್ಲುದೆಂಬುದನ್ನು ಓದುಗರು ಊಹಿಸಬಹುದು.

ಆಜ್ಞೆಯಿಂದ ಶಾಲೆಯ ನೆಮ್ಮದಿ ಕದಡುವುದು ಈಚಿನ ಕಾಲದ ವಿಶೇಷವೇನೂ ಅಲ್ಲ. ಹೊಸೂರಿನ ಬಳಿಯ ತೊರಪಳ್ಳಿಯಲ್ಲಿ ಹುಟ್ಟಿ, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ, ಸೇಲಂನಲ್ಲಿ ವಕೀಲರಾಗಿ ಹೆಸರು ಪಡೆದ ರಾಜಗೋಪಾಲಾಚಾರ್ಯರು ಮದರಾಸಿನ ಮುಖ್ಯಮಂತ್ರಿಗಳಾಗಿದ್ದಾಗ, 1953ರಲ್ಲಿ ಪ್ರಾಥಮಿಕ ಶಿಕ್ಷಣದ ಹೊಸ ಯೋಜನೆಯನ್ನು ಜಾರಿಗೆ ತಂದರು. ಮೂರು ಮೂರು ಗಂಟೆಗಳ ಎರಡು ಪಾಳಿಗಳಲ್ಲಿ ಶಾಲೆ ನಡೆದು, ಮಕ್ಕಳು ದಿನದ ಉಳಿದ ಹೊತ್ತನ್ನು ಹೆತ್ತವರ ಕಸುಬನ್ನು ಕಲಿಯುವುದರಲ್ಲಿ ಕಳೆಯಬೇಕೆಂಬುದು ಅದರ ಆಶಯ. ಕುಲಕಸುಬಿನ ಶಿಕ್ಷಣವೆಂದು ಅದಕ್ಕೆ ಬಂದ ವಿರೋಧ ಲೋಕಕ್ಕೆಲ್ಲ ಗೊತ್ತು. ಒಂದೇ ದಿನ ಎರಡು ಪಾಳಿಗಳಿಗೆ ಪಾಠ ಹೇಳಬೇಕಾಗಿ ಬಂದ ಉಪಾಧ್ಯಾಯರ ಆಯಾಸವನ್ನು ಮಾತ್ರ ಅಂದು ಎಣಿಸಿದವರು ಕಡಿಮೆ. 1954ರಲ್ಲಿ ಕಾಮರಾಜರು ಅಧಿಕಾರಕ್ಕೆ ಬಂದು ಆ ಯೋಜನೆಯನ್ನು ಕೈಬಿಟ್ಟರು.

ಸರ್ಕಾರದೊಡನೆ ನಡೆದ ಹೋರಾಟಗಳೂ ಉಪಾಧ್ಯಾಯರ ನಡುವೆಯೇ ಗಾಯಗಳನ್ನು ಉಳಿಸಿಹೋದವು. 2003ರ ಜುಲೈ ತಿಂಗಳಲ್ಲಿ ಮುಷ್ಕರ ಹೂಡಿದ ಸುಮಾರು 1.7 ಲಕ್ಷ ಸರ್ಕಾರಿ ನೌಕರರನ್ನೂ ಶಿಕ್ಷಕರನ್ನೂ ತಮಿಳುನಾಡು ಸರ್ಕಾರ ಕೆಲಸದಿಂದ ವಜಾ ಮಾಡಿತು. ಆಗಸ್ಟ್ 6ರಂದು ಸರ್ವೋಚ್ಚ ನ್ಯಾಯಾಲಯವು, ಮುಷ್ಕರ ಹೂಡುವುದು ಮೂಲಭೂತ ಹಕ್ಕಲ್ಲವೆಂದು ತೀರ್ಪಿತ್ತಿತು. ಬಹುಮಂದಿ ಮರಳಿ ಕೆಲಸಕ್ಕೆ ಬಂದರು. 2019ರ ಜನವರಿ 22ರಿಂದ ಮತ್ತೊಂದು ಮುಷ್ಕರ. ಆಗ ಸರ್ಕಾರವು ತಿಂಗಳಿಗೆ 10,000 ರೂಪಾಯಿಗೆ ತಾತ್ಕಾಲಿಕ ಶಿಕ್ಷಕರನ್ನು ನೇಮಿಸಿಕೊಳ್ಳುವುದಾಗಿ ಸಾರಿತು. ಇಂಥ ಮುಷ್ಕರಗಳ ಕಥೆ ವೃತ್ತಪತ್ರಿಕೆಗಳಲ್ಲಿ ಕೆಲಸಕ್ಕೆ ಮರಳಿದ ದಿನಕ್ಕೆ ಮುಗಿಯುತ್ತದೆ. ಶಾಲೆಯಲ್ಲಿ ಅದು ಅಂದು ಆರಂಭವಾಗುತ್ತದೆ: ಅಮಾನತುಗೊಂಡು ಬಂದವರು, ಆ ದಿನಗಳಲ್ಲಿ ಹಾಜರಿ ಹಾಕಿ ಸಂಬಳ ಪಡೆದವರು, ಮುಷ್ಕರಕ್ಕೆ ಮನಸ್ಸಿದ್ದರೂ ಮನೆಯ ಸಾಲಕ್ಕೆ ಅಂಜಿ ಒಳಗುಳಿದವರು, ಎಲ್ಲರೂ ಮತ್ತೆ ಅದೇ ಬೆಂಚಿನ ಮೇಲೆ ಕುಳಿತು ಊಟದ ಡಬ್ಬಿ ಬಿಚ್ಚಬೇಕು.

ಕನ್ನಡಿಗರಾದ ನಮಗೆ ಹತ್ತಿರವಾದ ಒಂದು ಬಿರುಕನ್ನು ಇಲ್ಲಿ ಹೇಳದೆ ಬಿಡಲಾಗದು. ಪ್ರಾಂತಗಳ ಶಿಕ್ಷಣ ಮಂತ್ರಿಗಳು 1949ರಲ್ಲಿ ಸೇರಿ, ಶಾಲೆಯಲ್ಲಿ ನಲವತ್ತು ಅಥವಾ ಒಂದು ತರಗತಿಯಲ್ಲಿ ಹತ್ತು ಮಕ್ಕಳ ಮಾತೃಭಾಷೆ ಬೇರೆಯಾಗಿದ್ದರೆ ಆ ಭಾಷೆಯ ಉಪಾಧ್ಯಾಯರನ್ನು ಒದಗಿಸಬೇಕೆಂದು ನಿರ್ಣಯಿಸಿದರು. 1956ರಲ್ಲಿ ರಾಜ್ಯಾಂಗಕ್ಕೆ ಸೇರಿದ 350-ಎ ವಿಧಿಯು ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಕರ್ಯವನ್ನು ಅಲ್ಪಸಂಖ್ಯಾತ ಭಾಷಿಕರಿಗೆ ಕಲ್ಪಿಸುವ ಹೊಣೆಯನ್ನು ರಾಜ್ಯಗಳ ಮೇಲಿರಿಸಿತು. ಉದಾತ್ತವಾದ ಈ ನಿಯಮದೊಳಗಿನ ಹತ್ತು ಎಂಬ ಸಂಖ್ಯೆಯು ಕನ್ನಡದ ಉಪಾಧ್ಯಾಯರ ಪಾಲಿಗೆ ಪ್ರತಿ ಜೂನ್ ತಿಂಗಳಿನ ಚಿಂತೆಯಾಗಿದೆ. ಹೊಸೂರು, ತಳಿಗಳ ಸೀಮೆಯಲ್ಲಿ ಒಂದೇ ಆವರಣದಲ್ಲಿ ಕನ್ನಡ ಮಾಧ್ಯಮವೂ ತಮಿಳು ಮಾಧ್ಯಮವೂ ಒಬ್ಬರೇ ಮುಖ್ಯೋಪಾಧ್ಯಾಯರ ಕೈಕೆಳಗೆ ನಡೆಯುವ ಶಾಲೆಯಲ್ಲಿ, ಒಂದು ಮಗು ಯಾವ ಮಾಧ್ಯಮಕ್ಕೆ ಸೇರಿತೆಂಬುದು ಒಬ್ಬ ಉಪಾಧ್ಯಾಯರ ಹುದ್ದೆ ಉಳಿಯುವುದೋ, ಹೆಚ್ಚುವರಿಯೆಂದು ಎಣಿಸಲ್ಪಟ್ಟು ಬೇರೆ ಊರಿಗೆ ಹೋಗುವುದೋ ಎಂಬುದನ್ನು ನಿರ್ಣಯಿಸಬಹುದು. 2006ರ ತಮಿಳು ಕಲಿಕೆಯ ಕಾಯ್ದೆಯ ಮೂಲಕ ಒಂದನೆಯ ತರಗತಿಯಿಂದ ತಮಿಳು ಕಡ್ಡಾಯವಾದ ಮೇಲೆ ಈ ಆತಂಕ ಹೆಚ್ಚಾಯಿತು. ಹೀಗಿರುವಾಗ ಪಕ್ಕದ ತರಗತಿಯ ತಮಿಳು ಉಪಾಧ್ಯಾಯರು ಮನೆಮನೆಗೆ ಹೋಗಿ ಮಕ್ಕಳನ್ನು ಸೇರಿಸಿಕೊಂಡರೆಂದು ಕನ್ನಡದವರು ಕೋಪಿಸಿಕೊಳ್ಳುವುದೂ, ಅದಕ್ಕೆ ಅವರು ಪ್ರತಿಯಾಗಿ ಕೋಪಿಸಿಕೊಳ್ಳುವುದೂ ಭಾಷಾದ್ವೇಷವೆಂದು ನೋಡುವವರಿಗೆ ಕಾಣಬಹುದು. ವಾಸ್ತವವಾಗಿ ಅದು ಇಬ್ಬರು ಸಂಸಾರಸ್ಥರ ಹೊಟ್ಟೆಪಾಡಿನ ಭಯ. ಆ ಭಯವನ್ನು ಭಾಷೆಯ ಹೆಸರಿನಿಂದ ಕರೆದು ಗಡಿಯ ಎರಡೂ ಕಡೆಗಳಲ್ಲಿ ಭಾಷಣ ಮಾಡುವವರಿಂದ ಶಾಲೆಗೆ ಯಾವ ಉಪಕಾರವೂ ಆಗಿಲ್ಲ.

ಇಷ್ಟೊಂದು ಮೂಲಗಳಿಂದ ಹುಟ್ಟುವ ವೈಮನಸ್ಯವನ್ನು ಇಲಾಖೆ ಯಾವ ಉಪಾಯದಿಂದ ನಿರ್ವಹಿಸುತ್ತದೆ? ಕ್ರಮ ಇದು: ಮುಖ್ಯೋಪಾಧ್ಯಾಯರು ಮೊದಲು ಬಾಯಿಮಾತಿನಲ್ಲಿ ಎಚ್ಚರಿಸುತ್ತಾರೆ, ಅನಂತರ ಮೆಮೊ ಕೊಡುತ್ತಾರೆ, ಮೆಮೊಗೆ ಬಂದ ವಿವರಣೆ ತೃಪ್ತಿಕರವಾಗದಿದ್ದರೆ ಬ್ಲಾಕ್ ಶಿಕ್ಷಣಾಧಿಕಾರಿಗೋ ಜಿಲ್ಲಾ ಶಿಕ್ಷಣಾಧಿಕಾರಿಗೋ, ಅಲ್ಲಿಂದ ಮುಖ್ಯ ಶಿಕ್ಷಣಾಧಿಕಾರಿಗೋ ಕಾಗದ ಹೋಗುತ್ತದೆ. ಅವರ ಕೈಯಲ್ಲಿರುವುದು ಸಿವಿಲ್ ಸೇವೆಗಳ ಶಿಸ್ತು ನಿಯಮಾವಳಿಯ 17ನೆಯ ನಿಯಮ. ಸಣ್ಣ ದಂಡನೆಗೆ 17-ಎ, ಆರೋಪಪಟ್ಟಿ ಕೊಟ್ಟು ವಿಚಾರಣಾಧಿಕಾರಿಯನ್ನು ನೇಮಿಸಿ ಮಾಡತಕ್ಕ ದೊಡ್ಡ ದಂಡನೆಗೆ 17-ಬಿ. ತಮಿಳುನಾಡಿನ ಸರ್ಕಾರಿ ಶಿಕ್ಷಕರ ನಡುವೆ “ಸೆವೆಂಟೀನ್ ಬಿ” ಎಂದರೆ ವ್ಯಾಖ್ಯಾನವೇ ಬೇಡ. ಅದು ಬಾಕಿಯಿರುವಷ್ಟು ಕಾಲ ಬಡ್ತಿ ನಿಂತುಹೋಗುತ್ತದೆ. ಇನ್ನೊಂದು ಉಪಾಯ, ಆಡಳಿತಾತ್ಮಕ ಕಾರಣವೆಂದು ಬರೆದು ಒಬ್ಬರನ್ನೋ ಇಬ್ಬರನ್ನೋ ಬೇರೆಡೆಗೆ ವರ್ಗ ಮಾಡುವುದು. ಅನುದಾನಿತ ಖಾಸಗಿ ಶಾಲೆಗಳಿಗೆ 1973ರ ಕಾಯ್ದೆಯು ಒಂದು ಒಳ್ಳೆಯ ರಕ್ಷಣೆಯನ್ನು ಕೊಟ್ಟಿತ್ತು: ಸಕ್ಷಮ ಅಧಿಕಾರಿಯ ಪೂರ್ವಾನುಮತಿಯಿಲ್ಲದೆ ಆಡಳಿತ ಮಂಡಳಿಯವರು ಶಿಕ್ಷಕರನ್ನು ವಜಾ ಮಾಡುವಂತಿರಲಿಲ್ಲ, ಅಮಾನತು ಎರಡು ತಿಂಗಳು, ಅನುಮತಿ ಪಡೆದರೆ ಮತ್ತೆರಡು ತಿಂಗಳು, ಅದಕ್ಕಿಂತ ಹೆಚ್ಚಲ್ಲ. ಇವೆಲ್ಲವುಗಳಿಂದಲೂ ನ್ಯಾಯ ದೊರೆಯದವರು ರಿಟ್ ಅರ್ಜಿಯೊಡನೆ ಸುಮಾರು ಮುನ್ನೂರು ಕಿಲೋಮೀಟರ್ ದೂರದ ಚೆನ್ನೈಯ ಉಚ್ಚ ನ್ಯಾಯಾಲಯಕ್ಕೆ ಹೋಗಬೇಕು. ಕರ್ನಾಟಕದಲ್ಲಿ ಸರ್ಕಾರಿ ಶಿಕ್ಷಕರಿಗೆ 1986ರಿಂದ ಆಡಳಿತ ನ್ಯಾಯಮಂಡಳಿಯೂ, ಖಾಸಗಿ ಶಾಲೆಯ ಶಿಕ್ಷಕರಿಗೆ ಶಿಕ್ಷಣ ಮೇಲ್ಮನವಿ ನ್ಯಾಯಮಂಡಳಿಯೂ ಇವೆ. ತಮಿಳುನಾಡು ತನ್ನ ಆಡಳಿತ ನ್ಯಾಯಮಂಡಳಿಯನ್ನು ಮುಚ್ಚಿಬಿಟ್ಟಿತು.

ಈ ಉಪಾಯಗಳೆಲ್ಲವೂ ಅಪರಾಧವನ್ನು ಶಿಕ್ಷಿಸುವುದಕ್ಕೆ ತಕ್ಕವು. ವೈಮನಸ್ಯವನ್ನು ಶಮನ ಮಾಡುವುದಕ್ಕೆ ತಕ್ಕವಲ್ಲ. ಮೆಮೊ ಕೊಟ್ಟೊಡನೆ ವಿವಾದವು ಕಾಗದದ ಮೇಲೆ ಬಂದುಬಿಡುತ್ತದೆ. ಕಾಗದದ ಮೇಲೆ ಬಂದ ಮಾತನ್ನು ಯಾರೂ ಹಿಂದಕ್ಕೆ ತೆಗೆದುಕೊಳ್ಳಲಾರರು, ಸಹೋದ್ಯೋಗಿಗಳೆಲ್ಲ ಸಾಕ್ಷಿಗಳಾಗಿ ಪಕ್ಷ ಹಿಡಿಯಬೇಕಾಗುತ್ತದೆ. ವರ್ಗಾವಣೆಯಂತೂ ಒಂದು ಶಾಲೆಯ ಅಸಮಾಧಾನವನ್ನು ಗಂಟುಕಟ್ಟಿ ಮತ್ತೊಂದು ಶಾಲೆಗೆ ಕಳುಹಿಸುವ ಕ್ರಿಯೆ, ಅದೂ ಬಹಳ ವೇಳೆ ಬಸ್ಸಿಲ್ಲದ ಬೆಟ್ಟದ ಶಾಲೆಗೆ. ಹಾಗೆ ಬಂದವರನ್ನು ಆ ಬೆಟ್ಟದ ಮಕ್ಕಳು ಶಿಕ್ಷೆಯ ಫಲವಾಗಿ ದೊರೆತ ಗುರುಗಳೆಂದು ಪಡೆಯುತ್ತಾರೆ. ಇದಕ್ಕಿಂತ ದೊಡ್ಡ ಅನ್ಯಾಯವನ್ನು ನಾನು ಎಣಿಸಲಾರೆ.

ಸೇಲಂ ನಗರದಲ್ಲಿ ಉಕ್ಕಿನ ಕಾರ್ಖಾನೆಯಿದೆ, ನೂಲಿನ ಗಿರಣಿಗಳಿವೆ. ಆ ಗಿರಣಿಯ ಕಾರ್ಮಿಕರ ವಿವಾದ ಬೆಳೆದರೆ ನಡುವೆ ಬಂದು ಎರಡು ಪಕ್ಷಗಳನ್ನೂ ಕೂಡಿಸಿ ಮಾತನಾಡಿಸತಕ್ಕ ಸಂಧಾನಾಧಿಕಾರಿಯೊಬ್ಬರನ್ನು 1947ರ ಕೈಗಾರಿಕಾ ವಿವಾದಗಳ ಕಾಯ್ದೆಯೇ ಕಲ್ಪಿಸಿತ್ತು. ಅದರ ಸ್ಥಾನದಲ್ಲಿ ಬಂದಿರುವ ಹೊಸ ಸಂಹಿತೆಯಲ್ಲಿಯೂ ಆ ಅಧಿಕಾರಿ ಉಳಿದಿದ್ದಾರೆ. ಗಮನಿಸತಕ್ಕ ಮಾತೆಂದರೆ, 1947ರ ಕಾಯ್ದೆ ಮಾಲಿಕನಿಗೂ ಕಾರ್ಮಿಕನಿಗೂ ನಡುವಣ ವಿವಾದವನ್ನಲ್ಲದೆ ಕಾರ್ಮಿಕರಿಗೂ ಕಾರ್ಮಿಕರಿಗೂ ನಡುವಣ ವಿವಾದವನ್ನೂ ಕೈಗಾರಿಕಾ ವಿವಾದವೆಂದು ಎಣಿಸಿತ್ತು. ಆದರೆ ಉಪಾಧ್ಯಾಯರು ಆ ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲವೆಂದು 1988ರಲ್ಲಿ, ಗೋವೆಯ ಶಿಕ್ಷಕಿ ಸುಂದರಾಂಬಾಳ್ ಅವರ ಮೊಕದ್ದಮೆಯಲ್ಲಿ, ಸರ್ವೋಚ್ಚ ನ್ಯಾಯಾಲಯ ನಿರ್ಣಯಿಸಿತು. ವಿದ್ಯಾದಾನವು ಕೂಲಿಯ ಕೆಲಸವಲ್ಲವೆಂಬ ಆ ನಿಲುವಿನಲ್ಲಿ ಉಪಾಧ್ಯಾಯ ವೃತ್ತಿಗೆ ಗೌರವವೇನೋ ಇದೆ. ಆದರೆ ಆ ಗೌರವದ ಫಲವಾಗಿ ನೂಲಿನ ಗಿರಣಿಯವನಿಗೆ ದೊರೆಯತಕ್ಕ ಸಂಧಾನಕಾರನು ಅವನ ಮಗುವಿಗೆ ಪಾಠ ಹೇಳುವವರಿಗೆ ದೊರೆಯದೆ ಹೋದನು. ಮೆಮೊಗೂ ರಿಟ್ ಅರ್ಜಿಗೂ ನಡುವೆ ಅವರಿಗೆ ಇರುವುದು ಮುಖ್ಯೋಪಾಧ್ಯಾಯರ ವಿವೇಕವೊಂದೇ.

ಆ ವಿವೇಕವು ಏನೆಂಬುದನ್ನು ಅಮೆರಿಕೆಯ ಮೇರಿ ಪಾರ್ಕರ್ ಫಾಲೆಟ್ ಎಂಬ ವಿದುಷಿ 1925ರಲ್ಲಿ ಮಾಡಿದ ಉಪನ್ಯಾಸವೊಂದರಲ್ಲಿ ಸೊಗಸಾಗಿ ವಿವರಿಸಿದ್ದಾರೆ. ವಿವಾದ ಮುಗಿಯುವ ಮಾರ್ಗಗಳು ಮೂರು: ಒಬ್ಬರು ಗೆದ್ದು ಮತ್ತೊಬ್ಬರು ಸೋಲುವುದು, ಇಬ್ಬರೂ ಅರ್ಧರ್ಧ ಬಿಟ್ಟುಕೊಡುವುದು, ಇಬ್ಬರ ನಿಜವಾದ ಅಪೇಕ್ಷೆಯೂ ಈಡೇರುವಂತೆ ಹೊಸದೊಂದನ್ನು ಕಾಣುವುದು. ಹಾರ್ವರ್ಡ್ ಗ್ರಂಥಾಲಯದ ಸಣ್ಣ ಕೊಠಡಿಯಲ್ಲಿ ಒಬ್ಬರಿಗೆ ಕಿಟಕಿ ತೆರೆಯಬೇಕು, ಫಾಲೆಟ್ ಅವರಿಗೆ ಮುಚ್ಚಬೇಕು. ವಿಚಾರಿಸಿ ನೋಡಿದರೆ ಒಬ್ಬರಿಗೆ ಬೇಕಾದದ್ದು ಗಾಳಿ, ಮತ್ತೊಬ್ಬರಿಗೆ ಬೇಡವಾದದ್ದು ಮೈಮೇಲೆ ನೇರವಾಗಿ ಬೀಸುವ ಉತ್ತರದ ಗಾಳಿ. ಪಕ್ಕದ ಖಾಲಿ ಕೊಠಡಿಯ ಕಿಟಕಿಯನ್ನು ತೆರೆದರು, ಇಬ್ಬರಿಗೂ ಹಿತವಾಯಿತು. ಇದನ್ನು ನಮ್ಮ ಶಾಲೆಗೆ ಅನ್ವಯಿಸಿ ನೋಡೋಣ. ಕೊನೆಯ ಪಿರಿಯಡಿಗೆ ಬದಲಿಯಾಗಿ ಹೋಗುವುದಿಲ್ಲವೆಂದು ಒಬ್ಬ ಶಿಕ್ಷಕಿ ಹಟ ಹಿಡಿದಿದ್ದಾರೆಂದೂ, ಎಲ್ಲರಂತೆ ಅವರೂ ಹೋಗಲೇಬೇಕೆಂದು ಹಿರಿಯ ಮೇಷ್ಟ್ರೊಬ್ಬರು ಪಟ್ಟುಹಿಡಿದಿದ್ದಾರೆಂದೂ ಇಟ್ಟುಕೊಳ್ಳೋಣ. ಕುಳ್ಳಿರಿಸಿಕೊಂಡು ಕೇಳಿದರೆ ಆ ತಾಯಿಗೆ ಬೇಕಾದದ್ದು ಊರಿನ ಬಸ್ಸು ತಪ್ಪದಿರುವುದು. ಮೇಷ್ಟ್ರಿಗೆ ಬೇಕಾದದ್ದು ತಮ್ಮ ಹತ್ತನೆಯ ತರಗತಿಯ ವಿಶೇಷ ಪಾಠಕ್ಕೆ ಧಕ್ಕೆ ಬಾರದಿರುವುದು. ಬೆಳಗಿನ ಮೊದಲ ಪಿರಿಯಡಿನ ಬದಲಿಗಳನ್ನೆಲ್ಲ ಆಕೆಗೆ ಒಪ್ಪಿಸಿದರೆ ಎರಡೂ ನೆರವೇರುತ್ತವೆ. ಇಷ್ಟಕ್ಕೆ ಯಾವ ನಿಯಮಾವಳಿಯೂ ಬೇಕಾಗಿಲ್ಲ. ಕೇಳುವ ವ್ಯವಧಾನ ಬೇಕು.

ಒಳ್ಳೆಯ ಮುಖ್ಯೋಪಾಧ್ಯಾಯರು ಅನುಸರಿಸುವ ಪದ್ಧತಿ ಬಹು ಸರಳವಾದದ್ದು. ಅವರು ವರ್ಷಾರಂಭದಲ್ಲಿ ಟೈಮ್‌ಟೇಬಲನ್ನು ಒಬ್ಬರೇ ಬರೆದು ಗೋಡೆಗೆ ಅಂಟಿಸದೆ ಎಲ್ಲರನ್ನೂ ಕೂಡಿಸಿಕೊಂಡು ಬರೆಯುತ್ತಾರೆ. ಬದಲಿ ಪಿರಿಯಡುಗಳ ಲೆಕ್ಕವನ್ನು ಎಲ್ಲರಿಗೂ ಕಾಣುವಂತೆ ಒಂದು ಪುಸ್ತಕದಲ್ಲಿ ಇಡುತ್ತಾರೆ. ಒಬ್ಬರ ಮೇಲೆ ಮತ್ತೊಬ್ಬರು ತಂದ ದೂರನ್ನು, ದೂರಿಗೆ ಒಳಗಾದವರ ಮಾತನ್ನು ಕೇಳುವವರೆಗೆ ನಂಬುವುದಿಲ್ಲ. ತಪ್ಪನ್ನು ಕೋಣೆಯೊಳಗೆ ಹೇಳಿ, ಮೆಚ್ಚುಗೆಯನ್ನು ಸಭೆಯಲ್ಲಿ ಹೇಳುತ್ತಾರೆ. ಅರೆಕಾಲಿಕ ಶಿಕ್ಷಕರನ್ನೂ ಮಿಕ್ಕವರನ್ನು ಕರೆಯುವಂತೆಯೇ ಸಾರ್, ಟೀಚರ್ ಎಂದು ಕರೆದು, ಸಂಬಳದಲ್ಲಿ ತಾವು ಕೊಡಲಾರದ ಸಮಾನತೆಯನ್ನು ಮರ್ಯಾದೆಯಲ್ಲಿ ಕೊಡುತ್ತಾರೆ. ಆದರೆ ಇದೆಲ್ಲವನ್ನೂ ಅವರು ತಮ್ಮ ಸ್ವಭಾವದಿಂದಲೋ ತಮ್ಮ ಹಿರಿಯರನ್ನು ನೋಡಿಯೋ ಕಲಿತಿರುತ್ತಾರೆಯೇ ಹೊರತು, ಮುಖ್ಯೋಪಾಧ್ಯಾಯರ ಹುದ್ದೆಗೆ ಅವರನ್ನು ತಂದದ್ದು ಹಿರಿತನದ ಪಟ್ಟಿ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯಕ. ರಾಜಿ ಸಂಧಾನಗಳ ಮಾತು ಎಲ್ಲೆಡೆಯೂ ಸಲ್ಲದು. ಶಿಕ್ಷಕಿಯೊಬ್ಬರಿಗೆ ಲೈಂಗಿಕ ಕಿರುಕುಳವಾದಾಗ, ಜಾತಿಯ ಹೆಸರಿನಿಂದ ಅವಮಾನವಾದಾಗ, ಶಾಲೆಯ ಮಾನ ಹೋಗುತ್ತದೆಂದು ಹಿರಿಯರು ಕೂಡಿ ಬಾಯಿ ಮುಚ್ಚಿಸುವುದು ಸಂಧಾನವಲ್ಲ, ಅದು ಎರಡನೆಯ ಅಪರಾಧ. ಲೈಂಗಿಕ ಕಿರುಕುಳವನ್ನು ತಡೆಯುವ 2013ರ ಕಾಯ್ದೆಯ ಪ್ರಕಾರ ಹತ್ತು ಅಥವಾ ಹೆಚ್ಚು ಮಂದಿ ಕೆಲಸ ಮಾಡುವ ಪ್ರತಿಯೊಂದು ಸ್ಥಳದಲ್ಲಿಯೂ ಆಂತರಿಕ ಸಮಿತಿ ಇರತಕ್ಕದ್ದು. ಹತ್ತಕ್ಕಿಂತ ಕಡಿಮೆ ಮಂದಿಯಿರುವ ಸಣ್ಣ ಶಾಲೆಯ ಶಿಕ್ಷಕಿಯು ಜಿಲ್ಲೆಯ ಸ್ಥಳೀಯ ಸಮಿತಿಗೆ ದೂರು ಕೊಡಬಹುದು. ಇಬ್ಬರೇ ಉಪಾಧ್ಯಾಯರಿರುವ ಬೆಟ್ಟದ ಶಾಲೆಯ ಶಿಕ್ಷಕಿಯರಿಗೆ ಈ ಸಂಗತಿ ತಿಳಿದಿರುವುದು ಅತ್ಯಾವಶ್ಯಕ.

ಉಳಿದ ವೈಮನಸ್ಯಗಳಿಗೆ ಮಾಡಬಹುದಾದದ್ದು ಅಸಾಧ್ಯವಾದದ್ದೇನೂ ಅಲ್ಲ. ಪ್ರತಿಯೊಂದು ಬ್ಲಾಕಿನಲ್ಲಿಯೂ ಉಪಾಧ್ಯಾಯರ ನಂಬಿಕೆಗೆ ಪಾತ್ರರಾದ, ನಿವೃತ್ತರಾದ ಒಬ್ಬ ಮುಖ್ಯೋಪಾಧ್ಯಾಯರನ್ನೋ ಮುಖ್ಯೋಪಾಧ್ಯಾಯಿನಿಯನ್ನೋ ಸಂಧಾನಕಾರರೆಂದು ಇಲಾಖೆ ನೇಮಿಸಲಿ. ಅವರಿಗೆ ಮೆಮೊ ಕೊಡುವ ಅಧಿಕಾರವಾಗಲಿ, ವರದಿ ಬರೆಯುವ ಹೊಣೆಯಾಗಲಿ ಇರಬಾರದು. ಅವರೆದುರು ಆಡಿದ ಮಾತು ಯಾವ ಕಡತಕ್ಕೂ ಹೋಗಬಾರದು. ಬಡ್ತಿ ಪಡೆದ ಮುಖ್ಯೋಪಾಧ್ಯಾಯರಿಗೆ ಲೆಕ್ಕಪತ್ರದ ತರಬೇತಿಯ ಜೊತೆಗೆ ಜನರ ಮಾತನ್ನು ಕೇಳುವ ತರಬೇತಿಯನ್ನೂ ಕೊಡಲಿ. ಒಂದೇ ಕೆಲಸಕ್ಕೆ ಎರಡು ಸಂಬಳವನ್ನು ಕಟ್ಟಿದ ಆಜ್ಞೆಯನ್ನು ಸರ್ಕಾರ ತಿದ್ದಲಿ. ಅದನ್ನು ತಿದ್ದುವವರೆಗೆ ಉಪಾಧ್ಯಾಯರ ಕೊಠಡಿಯಲ್ಲಿ ಪೂರ್ಣವಾದ ಸೌಹಾರ್ದವನ್ನು ನಿರೀಕ್ಷಿಸುವುದು ನ್ಯಾಯವಲ್ಲ. ಇನ್ನು ಓದುಗರಲ್ಲಿ ಒಂದು ವಿಜ್ಞಾಪನೆ: ತಮಿಳುನಾಡಿನ ಶಾಲಾ ನಿರ್ವಹಣಾ ಸಮಿತಿಯ ಸದಸ್ಯರಲ್ಲಿ ಬಹುಮಂದಿ ಮಕ್ಕಳ ಹೆತ್ತವರು; ಕರ್ನಾಟಕದ ಎಸ್‌ಡಿಎಂಸಿಗಳಲ್ಲಿಯೂ ಹೆತ್ತವರೇ ಬಹುಮತ. ನೀವು ಆ ಸಭೆಗೆ ಹೋದಾಗ ಉಪಾಧ್ಯಾಯರ ಜಗಳದಲ್ಲಿ ತೀರ್ಪುಗಾರರಾಗಬೇಡಿ, ಯಾರ ಪಕ್ಷವನ್ನೂ ಹಿಡಿಯಬೇಡಿ. ಎಷ್ಟು ಹುದ್ದೆಗಳು ಖಾಲಿಯಿವೆ, ಆ ಖಾಲಿ ಹುದ್ದೆಗಳ ಪಾಠವನ್ನು ಯಾರ ತಲೆಗೆ ಕಟ್ಟಲಾಗಿದೆ ಎಂಬ ಎರಡು ಪ್ರಶ್ನೆಗಳನ್ನು ಕೇಳಿ, ಅವುಗಳ ಉತ್ತರವನ್ನು ನಡವಳಿಯ ಪುಸ್ತಕದಲ್ಲಿ ಬರೆಸಿ, ಸಹಿ ಹಾಕಿ ಬನ್ನಿ.